ಗೆರೆ ಎಳೆದ ಮೇಲೆ ಕೇಳಿದ ಪ್ರಶ್ನೆಗಳು

2014ರ ಸೆಪ್ಟೆಂಬರ್ 18ರಂದು ಸ್ಕಾಟ್‌ಲೆಂಡಿನ ಜನರು ಬ್ರಿಟನ್ನಿನಿಂದ ಬೇರೆಯಾಗಬೇಕೇ ಬೇಡವೇ ಎಂಬುದರ ಬಗ್ಗೆ ಮತ ಹಾಕಿದರು. ಅದಕ್ಕೆ ಸುಮಾರು ಹತ್ತು ತಿಂಗಳ ಮೊದಲೇ ಅಲ್ಲಿನ ಸರ್ಕಾರ 600ಕ್ಕೂ ಹೆಚ್ಚು ಪುಟಗಳ ಒಂದು ಪುಸ್ತಕವನ್ನು ಜನರ ಮುಂದಿಟ್ಟಿತ್ತು. ಬೇರೆಯಾದರೆ ಸ್ಕಾಟಿಷ್ ಪೌರರು ಯಾರು, ಇಂಗ್ಲೆಂಡಿನಲ್ಲಿ ನೆಲೆಸಿರುವ ಸ್ಕಾಟ್‌ಲೆಂಡಿನವರ ಪಾಸ್‌ಪೋರ್ಟ್ ಏನಾಗುತ್ತದೆ, ಗಡಿಯಲ್ಲಿ ತಪಾಸಣೆ ಇರುತ್ತದೆಯೇ, ಯುರೋಪಿಯನ್ ಒಕ್ಕೂಟದ ಸದಸ್ಯತ್ವ ಉಳಿಯುತ್ತದೆಯೇ ಅಥವಾ ಹೊಸದಾಗಿ ಅರ್ಜಿ ಹಾಕಬೇಕೇ ಎಂಬ ಪ್ರಶ್ನೆಗಳಿಗೆಲ್ಲ ಅದರಲ್ಲಿ ಉತ್ತರ ಕೊಡುವ ಪ್ರಯತ್ನವಿತ್ತು. ಲಂಡನ್ನಿನ ಸರ್ಕಾರ ಆ ಉತ್ತರಗಳನ್ನು ಒಪ್ಪಲಿಲ್ಲ. ವಾದ ವಿವಾದ ನಡೆಯಿತು. ಕೊನೆಗೆ ನೂರರಲ್ಲಿ 55 ಮಂದಿ ಬೇಡ ಎಂದರು. (ಬೇರೆಯಾದರೆ ಯುರೋಪಿನಿಂದ ಹೊರಬೀಳುತ್ತೀರಿ ಎಂಬ ಮಾತಿಗೆ ಹೆದರಿ ಬೇಡ ಎಂದವರೂ ಇದ್ದರು. ಆರೇ ವರ್ಷದಲ್ಲಿ, 2020ರ ಜನವರಿ 31ಕ್ಕೆ, ಬ್ರಿಟನ್ನೇ ಅವರನ್ನು ಕಟ್ಟಿಕೊಂಡು ಯುರೋಪಿನಿಂದ ಹೊರಬಂದಿತು. ಅದು ಬೇರೆ ಕಥೆ.)

ಆ ಸುದ್ದಿಯನ್ನು ಓದುವಾಗ ನಮಗೆ ಹೊಟ್ಟೆಕಿಚ್ಚಾದದ್ದು ನಿಜ. ಯಾಕೆಂದರೆ ಇದೇ ಪ್ರಶ್ನೆಗಳು ನಮ್ಮ ಉಪಖಂಡದ ಮುಂದೆಯೂ ಇದ್ದವು. ಆದರೆ ನಮ್ಮ ಹಿರಿಯರನ್ನು ಯಾರೂ ಮೊದಲೇ ಕೇಳಲಿಲ್ಲ. 1947ರ ಜೂನ್ 3ರಂದು ವಿಭಜನೆಯ ಯೋಜನೆ ಪ್ರಕಟವಾಯಿತು. ಆಗಸ್ಟ್ 15ಕ್ಕೆ ಅಧಿಕಾರ ಹಸ್ತಾಂತರ. ನಡುವೆ ಇದ್ದದ್ದು 73 ದಿನ. ಆ ದಿನಗಳಲ್ಲಿ ಸೈನ್ಯವನ್ನು, ರೈಲ್ವೆಯನ್ನು, ಖಜಾನೆಯನ್ನು, ಕಚೇರಿಯ ಕುರ್ಚಿ ಮೇಜುಗಳನ್ನು ಪಾಲು ಮಾಡುವ ಬಗ್ಗೆ ಸಮಿತಿಗಳು ಕುಳಿತವು. ಮನುಷ್ಯರು ಯಾವ ದೇಶದ ಪೌರರು ಎಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಬ್ರಿಟಿಷ್ ಸಂಸತ್ತು ಅಂಗೀಕರಿಸಿದ ಭಾರತ ಸ್ವಾತಂತ್ರ್ಯ ಕಾಯ್ದೆಯಲ್ಲಿ ಪೌರತ್ವದ ಬಗ್ಗೆ ಒಂದು ಕಲಮೂ ಇರಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಮ್ಮಲ್ಲಿ ಮೊದಲು ಗೆರೆ ಎಳೆಯಲಾಯಿತು, ಪ್ರಶ್ನೆಗಳು ಆಮೇಲೆ ಬಂದವು.

ಆ ಗೆರೆಯಾದರೂ ಹೇಗಿತ್ತು? ಸರ್ ಸಿರಿಲ್ ರಾಡ್‌ಕ್ಲಿಫ್ ಲಂಡನ್ನಿನ ಹೆಸರಾಂತ ವಕೀಲರು. ಅದಕ್ಕೆ ಮೊದಲು ಭಾರತಕ್ಕೆ ಕಾಲಿಟ್ಟವರಲ್ಲ. ಜುಲೈ 8ರಂದು ಬಂದಿಳಿದ ಅವರಿಗೆ ಪಂಜಾಬ್ ಮತ್ತು ಬಂಗಾಳಗಳನ್ನು ಕತ್ತರಿಸಲು ಸಿಕ್ಕಿದ್ದು ಐದು ವಾರ. ಅವರ ತೀರ್ಪು ಆಗಸ್ಟ್ 15ಕ್ಕೆ ಮೊದಲೇ ಸಿದ್ಧವಾಗಿದ್ದರೂ ಜನರಿಗೆ ತಿಳಿದದ್ದು 17ರಂದು. ಅಂದರೆ ಸ್ವಾತಂತ್ರ್ಯೋತ್ಸವದ ದಿನ ಗಡಿ ಜಿಲ್ಲೆಗಳ ಲಕ್ಷಾಂತರ ಜನರಿಗೆ ತಾವು ಯಾವ ದೇಶದ ಸ್ವಾತಂತ್ರ್ಯವನ್ನು ಆಚರಿಸುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಮುಸ್ಲಿಂ ಬಹುಸಂಖ್ಯಾತ ಮುರ್ಷಿದಾಬಾದಿನಲ್ಲಿ ಪಾಕಿಸ್ತಾನದ ಬಾವುಟ ಹಾರಿತು. ಹಿಂದೂಗಳು ತುಸು ಹೆಚ್ಚಿದ್ದ ಖುಲ್ನಾದಲ್ಲಿ ಭಾರತದ ಬಾವುಟ ಹಾರಿತು. ಎರಡು ದಿನ ಕಳೆದು ತೀರ್ಪು ಬಂದಾಗ ಮುರ್ಷಿದಾಬಾದ್ ಭಾರತಕ್ಕೂ ಖುಲ್ನಾ ಪಾಕಿಸ್ತಾನಕ್ಕೂ ಸೇರಿದ್ದವು. ಬಾವುಟಗಳನ್ನು ಇಳಿಸಿ ಅದಲು ಬದಲು ಮಾಡಲಾಯಿತು. ಚಿತ್ತಗಾಂಗ್ ಬೆಟ್ಟ ಪ್ರದೇಶದಲ್ಲಿ ಬೌದ್ಧ ಚಕ್ಮಾ ಜನರು ರಂಗಾಮಾಟಿಯಲ್ಲಿ ಏರಿಸಿದ ತ್ರಿವರ್ಣ ಧ್ವಜವನ್ನು ಕೆಲವು ದಿನಗಳ ನಂತರ ಪಾಕಿಸ್ತಾನಿ ಸೈನಿಕರು ಇಳಿಸಿದರು. ಧ್ವಜವನ್ನು ಬದಲಿಸುವುದು ಸುಲಭ. ಅದರ ಕೆಳಗೆ ನಿಂತಿದ್ದವರ ಸ್ಥಿತಿ ಏನು?

ಆಗಸ್ಟ್ 15ರ ಬೆಳಗ್ಗೆ ಕಾನೂನಿನ ದೃಷ್ಟಿಯಲ್ಲಿ ಭಾರತೀಯ ಪೌರ ಎಂಬ ಮನುಷ್ಯನೇ ಇರಲಿಲ್ಲ. ಇದು ಇಂದಿನವರಿಗೆ ವಿಚಿತ್ರವೆನಿಸಬಹುದು. ಮದರಾಸು ಪ್ರಾಂತಕ್ಕೆ ಸೇರಿದ್ದ ಮಂಗಳೂರಿನಲ್ಲಿ ಹುಟ್ಟಿದವರು ಬ್ರಿಟಿಷ್ ಪ್ರಜೆಗಳಾಗಿದ್ದರು. ಮಹಾರಾಜರ ಮೈಸೂರಿನಲ್ಲಿ ಅಥವಾ ನಿಜಾಮರ ಗುಲ್ಬರ್ಗದಲ್ಲಿ ಹುಟ್ಟಿದವರು ಪೂರಾ ಪ್ರಜೆಗಳೂ ಅಲ್ಲದೆ ಬ್ರಿಟಿಷ್ ರಕ್ಷಣೆಯಲ್ಲಿರುವ ವ್ಯಕ್ತಿಗಳಾಗಿದ್ದರು. ಲಾಹೋರಿನವರೂ ಲಖನೌದವರೂ ಕಾನೂನಿನ ಲೆಕ್ಕದಲ್ಲಿ ಒಂದೇ ಆಗಿದ್ದರು. ಭಾರತದ ಸಂವಿಧಾನದ ಪೌರತ್ವದ ವಿಧಿಗಳು ಜಾರಿಗೆ ಬಂದದ್ದು 1949ರ ನವೆಂಬರ್ 26ರಂದು. ಸಂವಿಧಾನದ ಹೆಚ್ಚಿನ ಭಾಗ ಜನವರಿ 26ಕ್ಕಾಗಿ ಕಾದಿದ್ದರೂ ಈ ವಿಧಿಗಳಿಗೆ ಅವಸರವಿತ್ತು. ಪಾಕಿಸ್ತಾನದ ಪೌರತ್ವ ಕಾಯ್ದೆ 1951ರಲ್ಲಿ ಬಂತು, ನಮ್ಮದು 1955ರ ಕೊನೆಗೆ. ಆದರೆ ಜನರು ಕಾಯ್ದೆಗಾಗಿ ಕಾದು ಕೂರಲಿಲ್ಲ. ಒಂದು ಕೋಟಿಗೂ ಹೆಚ್ಚು ಮಂದಿ ಆಗಲೇ ಗಡಿ ದಾಟಿದ್ದರು.

ಹೋದವರೆಲ್ಲರೂ ಹೋಗಲೆಂದೇ ಹೋದವರಲ್ಲ. 1947ರ ಸೆಪ್ಟೆಂಬರಿನ ಗಲಭೆಯಲ್ಲಿ ದಿಲ್ಲಿಯ ಮುಸ್ಲಿಮರು ಪುರಾನಾ ಕಿಲಾ ಮತ್ತು ಹುಮಾಯೂನನ ಗೋರಿಯ ಶಿಬಿರಗಳಲ್ಲಿ ತುಂಬಿಕೊಂಡರು. ಅಲ್ಲಿಂದ ಎಷ್ಟೋ ಮಂದಿ ಜೀವ ಉಳಿದರೆ ಸಾಕೆಂದು ರೈಲು ಹತ್ತಿದರು. 1948ರ ಜನವರಿಯಲ್ಲಿ ಗಾಂಧೀಜಿ ಉಪವಾಸ ಕುಳಿತರು, ಅದೇ ತಿಂಗಳ ಕೊನೆಗೆ ಅವರ ಕೊಲೆಯಾಯಿತು. ಅದಾದ ಮೇಲೆ ಪರಿಸ್ಥಿತಿ ಶಾಂತವಾಗುತ್ತಿದ್ದಂತೆ ಹೋದವರಲ್ಲಿ ಕೆಲವರು ಮರಳಿ ಬರತೊಡಗಿದರು. ಬಂದು ನೋಡಿದರೆ ಅವರ ಮನೆಗಳಲ್ಲಿ ಪಶ್ಚಿಮ ಪಂಜಾಬಿನಿಂದ ಎಲ್ಲವನ್ನೂ ಕಳೆದುಕೊಂಡು ಬಂದ ಹಿಂದೂ, ಸಿಖ್ ಸಂಸಾರಗಳಿದ್ದವು. ಯಾರನ್ನು ದೂರುವುದು? ಇಬ್ಬರೂ ನೊಂದವರೇ. ಸರ್ಕಾರ ಕಂಡುಕೊಂಡ ದಾರಿ ಪರ್ಮಿಟ್. 1948ರ ಜುಲೈ 19ರಿಂದ ಪಶ್ಚಿಮ ಪಾಕಿಸ್ತಾನದಿಂದ ಭಾರತಕ್ಕೆ ಬರುವವರೆಲ್ಲರೂ ರಹದಾರಿ ಪಡೆದೇ ಬರಬೇಕೆಂದಾಯಿತು. ನಾಲ್ಕು ದಿನ ಇದ್ದು ಹೋಗಲು ಒಂದು ಬಗೆಯ ಪರ್ಮಿಟ್, ಶಾಶ್ವತವಾಗಿ ಮರಳಲು ಇನ್ನೊಂದು ಬಗೆಯದು. ಅದೇ ವರ್ಷ ಅಕ್ಟೋಬರಿನಲ್ಲಿ ಪಾಕಿಸ್ತಾನವೂ ಅದೇ ಕ್ರಮವನ್ನು ಜಾರಿಗೆ ತಂದಿತು. ಪೌರತ್ವದ ಕಾನೂನು ಇನ್ನೂ ಹುಟ್ಟಿರಲಿಲ್ಲ. ಆದರೆ ಒಬ್ಬ ಗುಮಾಸ್ತ ಕೊಟ್ಟ ಕಾಗದದ ಬಣ್ಣ ಮತ್ತು ಮೊಹರು ಮುಂದೆ ಅವರು ಯಾವ ದೇಶದವರು ಎಂಬುದನ್ನು ನಿರ್ಧರಿಸಲಿತ್ತು.

ಇದು ಉತ್ಪ್ರೇಕ್ಷೆಯ ಮಾತಲ್ಲ. ಸಂವಿಧಾನದ 6ನೇ ವಿಧಿಯನ್ನು ತೆರೆದು ನೋಡಿದರೆ 1948ರ ಜುಲೈ 19 ಎಂಬ ದಿನಾಂಕ ಅಲ್ಲಿದೆ. ಪಾಕಿಸ್ತಾನದಿಂದ ಅದಕ್ಕೆ ಮೊದಲು ಬಂದು ಇಲ್ಲಿ ನೆಲೆಸಿದವರು ತಾವಾಗಿಯೇ ಪೌರರು. ಆಮೇಲೆ ಬಂದವರು ಆರು ತಿಂಗಳು ಇಲ್ಲಿದ್ದು ಅರ್ಜಿ ಹಾಕಿ ನೋಂದಾಯಿಸಿಕೊಳ್ಳಬೇಕು. ಒಂದು ಇಲಾಖೆಯ ಆಜ್ಞೆಯ ದಿನಾಂಕ ದೇಶದ ಮೂಲ ಶಾಸನದೊಳಗೆ ಹೋಗಿ ಕುಳಿತದ್ದು ಹೀಗೆ. 7ನೇ ವಿಧಿ ಇನ್ನೊಂದು ದಿಕ್ಕಿನದು. 1947ರ ಮಾರ್ಚ್ 1ರ ನಂತರ ಭಾರತದಿಂದ ಪಾಕಿಸ್ತಾನಕ್ಕೆ ವಲಸೆ ಹೋದವರು ಪೌರರಲ್ಲ, ಶಾಶ್ವತವಾಗಿ ಮರಳುವ ಪರ್ಮಿಟ್ ಪಡೆದು ಬಂದವರನ್ನುಳಿದು. ಈ ವಿನಾಯಿತಿಯ ಬಗ್ಗೆ 1949ರ ಆಗಸ್ಟಿನಲ್ಲಿ ಸಂವಿಧಾನ ಸಭೆಯಲ್ಲಿ ಬಿಸಿಬಿಸಿ ಚರ್ಚೆ ನಡೆಯಿತು. ಒಮ್ಮೆ ಹೋದವರಿಗೆ ಮತ್ತೆ ಬಾಗಿಲು ತೆರೆಯುವುದು ಅಸಹ್ಯವೆಂದು ಒಬ್ಬ ಸದಸ್ಯರು ಹೇಳಿದರು. ಹೆದರಿ ಓಡಿದವರನ್ನು ದೇಶದ್ರೋಹಿಗಳಂತೆ ಕಾಣುವುದು ಸರಿಯಲ್ಲವೆಂದು ಬಿಹಾರದ ಬ್ರಜೇಶ್ವರ ಪ್ರಸಾದ್ ಪ್ರತಿಪಾದಿಸಿದರು. ಪಿ.ಎಸ್. ದೇಶಮುಖ್ ಅವರು ಬೇರೆ ದೇಶದ ಪೌರತ್ವವಿಲ್ಲದ ಯಾವುದೇ ಹಿಂದೂ ಅಥವಾ ಸಿಖ್ಖರಿಗೆ, ಅವರು ಎಲ್ಲಿದ್ದರೂ, ಭಾರತದ ಪೌರತ್ವ ಸಿಗಬೇಕೆಂದು ತಿದ್ದುಪಡಿ ಸೂಚಿಸಿದರು. ಹಿಂದೂಗಳಿಗೊಂದು, ಮುಸ್ಲಿಮರಿಗೊಂದು, ಕ್ರೈಸ್ತರಿಗೊಂದು ನಿಯಮ ಮಾಡಲಾಗದು, ಅದು ಅಸಂಬದ್ಧ ಎಂಬುದು ನೆಹರೂ ಅವರ ಉತ್ತರವಾಗಿತ್ತು. ತಿದ್ದುಪಡಿ ಬಿದ್ದುಹೋಯಿತು. ಸಂವಿಧಾನದ ಕರಡಿನಲ್ಲಿ ಇನ್ನೊಂದೇ ಒಂದು ವಿಧಿಯನ್ನು ಬಿಟ್ಟರೆ ಇಷ್ಟು ತಲೆನೋವು ಕೊಟ್ಟದ್ದು ಬೇರಾವುದೂ ಇಲ್ಲ ಎಂದು ಡಾ. ಅಂಬೇಡ್ಕರ್ ಹೇಳಿದ್ದರು. ಅವರ ತಲೆನೋವು ಅಲ್ಲಿಗೆ ಮುಗಿಯಿತು, ನ್ಯಾಯಾಲಯಗಳದ್ದು ಆರಂಭವಾಯಿತು.

ಬಿಹಾರದ ಗಯಾದ ಒಬ್ಬ ಮಹಿಳೆಯ ಪ್ರಕರಣ 1955ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಅವರು 1948ರ ಜುಲೈಯಲ್ಲಿ ಕರಾಚಿಗೆ ಹೋಗಿದ್ದರು. ಚಿಕಿತ್ಸೆಗೆಂದು ಹೋಗಿದ್ದೆ, ಗಂಡ ಭಾರತದಲ್ಲೇ ಇದ್ದಾರೆ, ಗಂಡನ ನೆಲೆಯೇ ಹೆಂಡತಿಯ ನೆಲೆ ಎಂಬುದು ಅವರ ವಾದ. ಆದರೆ ಅವರು ಮರಳಿ ಬಂದದ್ದು ತಾತ್ಕಾಲಿಕ ಭೇಟಿಯ ಪರ್ಮಿಟಿನಲ್ಲಿ. ನ್ಯಾಯಾಲಯವು 7ನೇ ವಿಧಿಯು 5ನೇ ವಿಧಿಯನ್ನು ಮೀರುತ್ತದೆ, ಇಲ್ಲಿ ಹುಟ್ಟಿದ್ದರೂ ನೆಲೆ ಇಲ್ಲಿಯೇ ಇದ್ದರೂ ವಲಸೆ ಹೋದವರು ಪೌರರಲ್ಲ ಎಂದು ತೀರ್ಪಿತ್ತಿತು. ಅವರ ಆಸ್ತಿ ಆಗಲೇ ಬಿಟ್ಟುಹೋದವರ ಆಸ್ತಿಯೆಂದು ಕಸ್ಟೋಡಿಯನ್ ವಶವಾಗಿತ್ತು. ಮುಂದೆ 1966ರಲ್ಲಿ ಕೇರಳದ ಒಬ್ಬರ ಪ್ರಕರಣದಲ್ಲಿ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಲಸೆ ಎನ್ನಲು ಅಲ್ಲಿಯೇ ಶಾಶ್ವತವಾಗಿ ನೆಲೆಸುವ ಉದ್ದೇಶ ಬೇಕಿಲ್ಲ, ಅಲ್ಪಕಾಲದ ಭೇಟಿಯನ್ನು ಮೀರಿ ಸ್ವಇಚ್ಛೆಯಿಂದ ಹೋಗಿದ್ದರೆ ಸಾಕು ಎಂಬುದು ಅದರ ಸಾರ. 1962ರ ಇನ್ನೊಂದು ತೀರ್ಪಿನ ಪ್ರಕಾರ ಪಾಕಿಸ್ತಾನದ ಪಾಸ್‌ಪೋರ್ಟ್ ಪಡೆದದ್ದೇ ಅಲ್ಲಿನ ಪೌರತ್ವವನ್ನು ತಾನಾಗಿ ಒಪ್ಪಿಕೊಂಡದ್ದಕ್ಕೆ ಅಂತಿಮ ಪುರಾವೆ. ಸಾಯುತ್ತಿರುವ ತಾಯಿಯನ್ನು ನೋಡಲು ಬರಬೇಕಾದವರಿಗೆ ಬೇರೆ ಯಾವ ಕಾಗದ ಸಿಗುತ್ತಿತ್ತು ಎಂದು ಕೇಳುವ ಅವಕಾಶ ಆ ನಿಯಮದಲ್ಲಿರಲಿಲ್ಲ.

ಕಾನೂನಿನ ಗೊಂದಲ ಒಮ್ಮೊಮ್ಮೆ ಬಡಪಾಯಿಯ ನೆರವಿಗೂ ಬಂದದ್ದಿದೆ. 1946ರ ವಿದೇಶೀಯರ ಕಾಯ್ದೆಯಲ್ಲಿ ಹುಟ್ಟಿನಿಂದ ಬ್ರಿಟಿಷ್ ಪ್ರಜೆಯಾದವನು ವಿದೇಶಿಯಲ್ಲ ಎಂದಿತ್ತು. ಸ್ವಾತಂತ್ರ್ಯ ಬಂದರೂ ಆ ಸಾಲನ್ನು ತಿದ್ದಲು ಯಾರಿಗೂ ನೆನಪಾಗಲಿಲ್ಲ. 1957ರಲ್ಲಿ ತಿದ್ದಿದರು. ಅವಿಭಜಿತ ಭಾರತದಲ್ಲಿ ಹುಟ್ಟಿ 1953ರಲ್ಲಿ ಪಾಕಿಸ್ತಾನಿ ಪಾಸ್‌ಪೋರ್ಟಿನಲ್ಲಿ ಬಂದು ಅವಧಿ ಮೀರಿ ಉಳಿದವರೊಬ್ಬರು ಶಿಕ್ಷೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಬಂದ ದಿನ ಈತ ಕಾನೂನಿನ ಪ್ರಕಾರ ವಿದೇಶಿಯೇ ಆಗಿರಲಿಲ್ಲ ಎಂದು 1961ರಲ್ಲಿ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಹತ್ತು ವರ್ಷ ಎರಡು ದೇಶಗಳು ಕಾದಾಡುತ್ತಿದ್ದರೂ ಶಾಸನದ ಪುಸ್ತಕದಲ್ಲಿ ಇಬ್ಬರೂ ಹಳೆಯ ಚಕ್ರವರ್ತಿಯ ಪ್ರಜೆಗಳಾಗಿಯೇ ಉಳಿದಿದ್ದರು!

ನಮ್ಮ ಕರಾವಳಿಗೆ ಇದು ದೂರದ ಕಥೆಯಲ್ಲ. ಸಿಂಧ್ 1936ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಉತ್ತರ ಕನ್ನಡವೂ ಅದೇ ಪ್ರಾಂತದಲ್ಲಿತ್ತು. ಅಂದರೆ ಭಟ್ಕಳವೂ ಕರಾಚಿಯೂ ಒಂದೇ ಸರ್ಕಾರದ ಕೆಳಗಿದ್ದ ಎರಡು ಊರುಗಳು. ಮುಂಬಯಿಗೆ ಹೋದಂತೆ ಕರಾಚಿಗೂ ಜನ ದುಡಿಯಲು ಹೋಗುತ್ತಿದ್ದರು, ಅಂಗಡಿ ಹೋಟೆಲು ಇಡುತ್ತಿದ್ದರು. ಮಲಬಾರಿನಿಂದಲೂ ಹಾಗೆಯೇ. ಮದುವೆ ಸಂಬಂಧಗಳೂ ಬೆಳೆದವು. ಅವರಲ್ಲಿ ಹೆಚ್ಚಿನವರು ಪಾಕಿಸ್ತಾನ ಬೇಕೆಂದು ಹೋದವರಲ್ಲ, ಕೆಲಸವಿದ್ದ ಊರಿಗೆ ಹೋದವರು. ಊರು ಅಲ್ಲಿಯೇ ಇತ್ತು, ದೇಶ ಬದಲಾಯಿತು. ಆ ಮೇಲೆ ಅಣ್ಣನೊಬ್ಬ ಇಲ್ಲಿ, ತಮ್ಮನೊಬ್ಬ ಅಲ್ಲಿ. ಅಕ್ಕನ ಮಗಳು ಸೊಸೆಯಾಗಿ ಬಂದರೆ ವರ್ಷ ವರ್ಷವೂ ವೀಸಾ ಕಾಗದ ಹಿಡಿದು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕು. ಎರಡು ದೇಶಗಳ ನಡುವೆ ಗುಂಡು ಹಾರಿದಾಗಲೆಲ್ಲ ಆ ಮನೆಗಳಲ್ಲಿ ಒಲೆ ಉರಿಯುವುದಿಲ್ಲ.

ಇನ್ನು ಅಂತಾರಾಷ್ಟ್ರೀಯ ಸದಸ್ಯತ್ವದ ಪ್ರಶ್ನೆಗೆ ಬರೋಣ. ಇಲ್ಲಿ ಮನುಷ್ಯರಿಗಿಂತ ರಾಷ್ಟ್ರಗಳ ಗತ್ತು ಹೆಚ್ಚು, ಆದ್ದರಿಂದ ಉತ್ತರವೂ ಬೇಗ ಸಿಕ್ಕಿತು. ಭಾರತ ಪರತಂತ್ರವಾಗಿದ್ದಾಗಲೇ ಲೀಗ್ ಆಫ್ ನೇಷನ್ಸಿನ ಮೂಲ ಸದಸ್ಯ. 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೂ ಸಹಿ ಹಾಕಿತ್ತು. ಈಗ ಆ ಕುರ್ಚಿ ಯಾರದು? ದೇಶ ಎರಡಾಯಿತು, ಆದ್ದರಿಂದ ಇಬ್ಬರೂ ಸಮಾನ ವಾರಸುದಾರರು ಎಂಬುದು ಪಾಕಿಸ್ತಾನದ ನಿಲುವು. ಭಾರತ ಎಂಬ ರಾಷ್ಟ್ರ ಮುಂದುವರಿಯುತ್ತಿದೆ, ಒಂದು ಭಾಗ ಬೇರ್ಪಟ್ಟಿದೆ ಅಷ್ಟೇ ಎಂಬುದು ಭಾರತದ ನಿಲುವು. ವಿಶ್ವಸಂಸ್ಥೆಯ ಕಾನೂನು ವಿಭಾಗ 1947ರ ಆಗಸ್ಟ್ 8ರಂದೇ, ಗಡಿ ಪ್ರಕಟವಾಗುವುದಕ್ಕಿಂತ ಮೊದಲು, ಭಾರತದ ಪರವಾಗಿ ಅಭಿಪ್ರಾಯ ಕೊಟ್ಟಿತು. ಐರ್ಲೆಂಡ್ ಬ್ರಿಟನ್ನಿನಿಂದಲೂ ಬೆಲ್ಜಿಯಂ ನೆದರ್‌ಲೆಂಡ್ಸಿನಿಂದಲೂ ಬೇರೆಯಾದದ್ದನ್ನು ಉದಾಹರಣೆಯಾಗಿ ಕೊಟ್ಟಿತು. ಅಧಿಕಾರ ಹಸ್ತಾಂತರದ ಹೊತ್ತಿಗೆ ಹೊರಡಿಸಿದ ಆಜ್ಞೆಯಲ್ಲೂ ಅಂತಾರಾಷ್ಟ್ರೀಯ ಸಂಸ್ಥೆಗಳ ಸದಸ್ಯತ್ವ ಭಾರತಕ್ಕೆ ಮಾತ್ರ ಎಂದು ಬರೆಯಲಾಗಿತ್ತು. ಜಿನ್ನಾ ಅವರಿಗೆ ‘ಇಂಡಿಯಾ’ ಎಂಬ ಹೆಸರಿನ ಬಗ್ಗೆಯೇ ಆಕ್ಷೇಪವಿತ್ತು. ಹಿಂದೂಸ್ಥಾನ ಎಂದೋ ಬೇರೇನೋ ಇಟ್ಟುಕೊಳ್ಳುತ್ತಾರೆಂದು ಅವರು ಭಾವಿಸಿದ್ದರು. ಆ ಹೆಸರಿನೊಂದಿಗೆ ಕುರ್ಚಿಯೂ ಹೋಗುತ್ತದೆ ಎಂಬುದು ಅವರಂಥ ವಕೀಲರಿಗೆ ತಿಳಿಯದ ಸಂಗತಿಯೇನಲ್ಲ.

ಪಾಕಿಸ್ತಾನ ಹೊಸ ರಾಷ್ಟ್ರವಾಗಿ ಅರ್ಜಿ ಹಾಕಿ 1947ರ ಸೆಪ್ಟೆಂಬರ್ 30ರಂದು ಸದಸ್ಯನಾಯಿತು. ಅಂದು ವಿರುದ್ಧ ಮತ ಹಾಕಿದ ಏಕೈಕ ದೇಶ ನೆರೆಯ ಅಫ್ಘಾನಿಸ್ತಾನ. ಡ್ಯೂರಂಡ್ ಗೆರೆಯ ಈಚೆಗಿನ ಪಠಾಣರ ಪ್ರಶ್ನೆ ಅದಕ್ಕೆ ಕಾರಣ. ಮುಂದಿನ ತಿಂಗಳು ಆ ಮತವನ್ನು ಅದು ಹಿಂತೆಗೆದುಕೊಂಡಿತು. ಒಬ್ಬನನ್ನು ಹಳಬನೆಂದೂ ಇನ್ನೊಬ್ಬನನ್ನು ಹೊಸಬನೆಂದೂ ಕರೆಯುವುದು ಭೇದಭಾವ ಎಂದು ಅರ್ಜೆಂಟೀನಾ ಆಕ್ಷೇಪಿಸಿದ್ದರಿಂದ ವಿಷಯ ಕಾನೂನು ಸಮಿತಿಗೆ ಹೋಯಿತು. ಗಡಿ ಅಥವಾ ಸಂವಿಧಾನ ಬದಲಾದ ಮಾತ್ರಕ್ಕೆ ಸದಸ್ಯತ್ವ ಹೋಗದು, ಬೇರ್ಪಟ್ಟು ಹುಟ್ಟಿದ ಹೊಸ ರಾಷ್ಟ್ರ ಅರ್ಜಿ ಹಾಕಲೇಬೇಕು ಎಂಬ ಸೂತ್ರ ಅಲ್ಲಿ ರೂಪುಗೊಂಡಿತು. 1991ರ ಕೊನೆಗೆ ಸೋವಿಯತ್ ಒಕ್ಕೂಟದ ಕುರ್ಚಿಯಲ್ಲಿ ರಷ್ಯಾ ಮುಂದುವರಿಯಿತು. ಯುಗೊಸ್ಲಾವಿಯಾದ ಕುರ್ಚಿ ತನ್ನದೆಂದ ಸರ್ಬಿಯಾ-ಮಾಂಟೆನೆಗ್ರೋಗೆ ಜಗತ್ತು ಒಪ್ಪಲಿಲ್ಲ, 2000ದಲ್ಲಿ ಹೊಸದಾಗಿ ಅರ್ಜಿ ಹಾಕಿಯೇ ಒಳಬರಬೇಕಾಯಿತು. ಬ್ರಿಟಿಷ್ ಸರ್ಕಾರ 2013ರಲ್ಲಿ ಪ್ರಕಟಿಸಿದ ಕಾನೂನು ಅಭಿಪ್ರಾಯವೂ ಬೇರೆಯಾದರೆ ಬ್ರಿಟನ್ ಹಳೆಯ ರಾಷ್ಟ್ರ, ಸ್ಕಾಟ್‌ಲೆಂಡ್ ಹೊಸ ರಾಷ್ಟ್ರ ಎಂದೇ ಹೇಳಿತು. ದಿಲ್ಲಿ, ಕರಾಚಿಗಳ ಜಗಳದಲ್ಲಿ ಗಟ್ಟಿಯಾದ ಸೂತ್ರ ಎಡಿನ್‌ಬರೋದವರೆಗೂ ನಡೆದು ಹೋಯಿತು ಎನ್ನಬೇಕು.

ವಿಶ್ವಸಂಸ್ಥೆಯ ಬಾಗಿಲು ತಟ್ಟಿ ಒಳಗೆ ಹೋಗಲಾಗದ ರಾಜ್ಯವೊಂದು ಕನ್ನಡಿಗರಿಗೂ ಸೇರಿದ್ದಾಗಿತ್ತು. ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ನಿಜಾಮರ ಹೈದರಾಬಾದಿಗೆ ಸೇರಿದ್ದವು. ಅದಕ್ಕೆ ತನ್ನದೇ ಹಾಲಿ ಸಿಕ್ಕಾ ನಾಣ್ಯ, ತನ್ನದೇ ಅಂಚೆ, ತನ್ನದೇ ಮುಲ್ಕಿ ನಿಯಮಗಳಿದ್ದವು. 1947ರ ನವೆಂಬರಿನಲ್ಲಿ ಭಾರತದೊಂದಿಗೆ ಯಥಾಸ್ಥಿತಿ ಒಪ್ಪಂದವಾಗಿತ್ತು. 1948ರ ಆಗಸ್ಟಿನಲ್ಲಿ ನಿಜಾಮರ ಸರ್ಕಾರ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು. ಪ್ಯಾರಿಸಿನಲ್ಲಿ ಮಂಡಳಿ ಸಭೆ ಸೇರಿದ್ದು 16ರಂದು. ಹೈದರಾಬಾದ್ ಒಂದು ರಾಷ್ಟ್ರವೇ ಅಲ್ಲ, ದೂರು ಕೊಡುವ ಹಕ್ಕು ಅದಕ್ಕಿಲ್ಲ ಎಂದು ಭಾರತ ವಾದಿಸಿತು. ಮರುದಿನವೇ ಹೈದರಾಬಾದಿನ ಪ್ರತಿರೋಧ ಮುಗಿದಿತ್ತು. ಕೆಲವು ದಿನಗಳಲ್ಲಿ ನಿಜಾಮರು ದೂರನ್ನು ಹಿಂತೆಗೆದುಕೊಂಡರು. ಒಬ್ಬ ಅರಸರ ಮುಲ್ಕಿಗಳಾಗಿದ್ದ ಕಲಬುರಗಿಯ ಜನರು ಮುಂದಿನ ವರ್ಷದ ಕೊನೆಗೆ ಭಾರತದ ಪೌರರಾದರು. ಅವರು ತಮ್ಮ ಮನೆಯ ಹೊಸ್ತಿಲು ದಾಟಿರಲಿಲ್ಲ.

ಗಡಿ ಯಾವಾಗಲೂ ನೆಲದ ಮೇಲೆಯೇ ಇರಬೇಕೆಂದಿಲ್ಲ. ಸಿಲೋನ್ 1948ರ ಫೆಬ್ರವರಿ 4ರಂದು ಸ್ವತಂತ್ರವಾಯಿತು. ಸುತ್ತಲೂ ಸಮುದ್ರ, ಗಡಿಯ ಜಗಳವೇ ಇಲ್ಲ. ಆದರೆ ಅದೇ ವರ್ಷ ಬಂದ ಪೌರತ್ವ ಕಾಯ್ದೆ ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ಭಾರತೀಯ ಮೂಲದ ತಮಿಳು ಕೂಲಿಕಾರರನ್ನು ಹೊರಗಿಟ್ಟಿತು. ತಂದೆ, ಅಜ್ಜ ಅಲ್ಲಿಯೇ ಹುಟ್ಟಿದ್ದಕ್ಕೆ ದಾಖಲೆ ತರಬೇಕೆಂದರೆ ತೋಟದ ಲೈನಿನ ಕೋಣೆಗಳಲ್ಲಿ ಹುಟ್ಟಿದವರು ಎಲ್ಲಿಂದ ತರುವುದು? ಭಾರತವೂ ಅವರನ್ನು ತನ್ನವರೆನ್ನಲಿಲ್ಲ. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಒಪ್ಪಂದ ಮಾಡಿಕೊಂಡರು. 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ, ಉಳಿದ ಲಕ್ಷದೈವತ್ತು ಸಾವಿರದ ಬಗ್ಗೆ ಮುಂದೆ ನೋಡೋಣ ಎಂದರು. ದನದ ಸಂತೆಯಲ್ಲೂ ಇಷ್ಟು ಸಲೀಸಾಗಿ ಲೆಕ್ಕ ಮುಗಿಯದು. ಹಾಗೆ ಬಂದವರಲ್ಲಿ ಕೆಲವು ಕುಟುಂಬಗಳನ್ನು ನಮ್ಮದೇ ಸುಳ್ಯ, ಪುತ್ತೂರು ತಾಲೂಕುಗಳ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಲಾಯಿತು. ಮುಂಜಾನೆ ರಬ್ಬರ್ ಹಾಲು ತೆಗೆಯುವ ಅವರನ್ನು ನಾವು ದಾರಿಯಲ್ಲಿ ಕಂಡಿದ್ದೇವೆ. ಅವರು ಎರಡು ರಾಷ್ಟ್ರಗಳ ಲೆಕ್ಕದ ಪುಸ್ತಕದಿಂದ ಇಳಿದು ಬಂದವರೆಂದು ಎಷ್ಟು ಮಂದಿಗೆ ತಿಳಿದಿದೆ? ಅಂದ ಹಾಗೆ, ಸಿಲೋನಿಗೂ ವಿಶ್ವಸಂಸ್ಥೆಯ ಬಾಗಿಲು ಕೂಡಲೇ ತೆರೆಯಲಿಲ್ಲ. ಸೋವಿಯತ್ ಒಕ್ಕೂಟದ ವೀಟೋದಿಂದಾಗಿ 1955ರವರೆಗೆ ಹೊರಗೇ ನಿಲ್ಲಬೇಕಾಯಿತು.

ಪೂರ್ವ ಭಾಗದ ಕಥೆ ಇನ್ನೂ ಸಿಕ್ಕು ಸಿಕ್ಕು. ಪರ್ಮಿಟ್ ಪದ್ಧತಿ ಪೂರ್ವ ಬಂಗಾಳಕ್ಕೆ ಅನ್ವಯಿಸಿರಲಿಲ್ಲ. 1952ರ ಅಕ್ಟೋಬರ್ 15ರಂದು ಪಾಸ್‌ಪೋರ್ಟ್ ಬರುವವರೆಗೆ ಜನರು ಆಚೀಚೆ ಓಡಾಡುತ್ತಿದ್ದರು. ಹೊಲ ಇಲ್ಲಿ, ಮನೆ ಅಲ್ಲಿ. ಆಮೇಲೆ 1971ರಲ್ಲಿ ಅದೇ ಪೂರ್ವ ಪಾಕಿಸ್ತಾನ ಬಾಂಗ್ಲಾದೇಶವಾದಾಗ ಮೊದಲಿನ ಪ್ರಶ್ನೆಗಳೆಲ್ಲ ಮತ್ತೊಮ್ಮೆ ಎದ್ದವು. ಬಿಹಾರದ 1946ರ ಗಲಭೆಯಿಂದಲೂ ಆಮೇಲಿನ ವಿಭಜನೆಯಿಂದಲೂ ಓಡಿಬಂದ ಉರ್ದು ಮಾತನಾಡುವ ಮುಸ್ಲಿಮರು ಅಲ್ಲಿದ್ದರು. ಅವರಲ್ಲಿ ಹಲವರು ಪಾಕಿಸ್ತಾನಿ ಸೈನ್ಯದ ಪರ ನಿಂತದ್ದು ಸುಳ್ಳಲ್ಲ, ಬಂಗಾಳಿ ಮುಸ್ಲಿಮರ ರಕ್ತ ಹರಿಯುವಾಗ ಕೆಲವರ ಕೈಗಳೂ ಕೆಂಪಾಗಿದ್ದವು. ಆದರೆ ಶಿಕ್ಷೆ ಬಿದ್ದದ್ದು ಅಪರಾಧಿಗಳಿಗಷ್ಟೇ ಅಲ್ಲ, ಭಾಷೆಗೂ ಬಿತ್ತು. ಲಕ್ಷಾಂತರ ಮಂದಿ ಪಾಕಿಸ್ತಾನಕ್ಕೆ ಹೋಗುತ್ತೇವೆಂದು ರೆಡ್ ಕ್ರಾಸಿನಲ್ಲಿ ಹೆಸರು ಬರೆಸಿದರು. ಪಾಕಿಸ್ತಾನ ಒಂದಷ್ಟು ಮಂದಿಯನ್ನು ಕರೆಸಿಕೊಂಡು ಬಾಗಿಲು ಹಾಕಿತು. ಯಾವ ದೇಶದ ಹೆಸರಿನಲ್ಲಿ ಎರಡು ಸಲ ಮನೆ ಕಳೆದುಕೊಂಡರೋ ಆ ದೇಶಕ್ಕೆ ಅವರು ಬೇಡವಾದರು. ಢಾಕಾದ ಮೊಹಮ್ಮದ್‌ಪುರದ ಜಿನೀವಾ ಕ್ಯಾಂಪಿನ ಚಿಕ್ಕ ಕೋಣೆಗಳಲ್ಲಿ ಮಕ್ಕಳು ಹುಟ್ಟಿದರು, ಮೊಮ್ಮಕ್ಕಳೂ ಹುಟ್ಟಿದರು. 2003ರಲ್ಲಿ ಹತ್ತು ಮಂದಿ ಹೈಕೋರ್ಟಿಗೆ ಹೋಗಿ ಮತದಾನದ ಹಕ್ಕು ಗೆದ್ದರು. 1971ರಲ್ಲಿ ಅಪ್ರಾಪ್ತರಾಗಿದ್ದವರು ಮತ್ತು ಆಮೇಲೆ ಹುಟ್ಟಿದವರು ಬಾಂಗ್ಲಾದೇಶದ ಪೌರರು ಎಂದು 2008ರಲ್ಲಿ ಢಾಕಾ ಹೈಕೋರ್ಟ್ ಹೇಳಿತು. ಸ್ವಾತಂತ್ರ್ಯಕ್ಕೂ ಈ ತೀರ್ಪಿಗೂ ನಡುವೆ 37 ವರ್ಷ.

ಆ ದೇಶಕ್ಕೂ ವಿಶ್ವಸಂಸ್ಥೆಯಲ್ಲಿ ಕುರ್ಚಿ ಸುಲಭವಾಗಿ ಸಿಗಲಿಲ್ಲ. 1972ರ ಆಗಸ್ಟಿನಲ್ಲಿ ಚೀನಾ ವೀಟೋ ಹಾಕಿತು. ಸೆರೆಸಿಕ್ಕ ಪಾಕಿಸ್ತಾನಿ ಸೈನಿಕರನ್ನು ಬಿಡುವವರೆಗೆ ಒಳಗೆ ಬಿಡಬಾರದೆಂಬುದು ಅದರ ಹಟ. 1974ರ ಫೆಬ್ರವರಿಯಲ್ಲಿ ಲಾಹೋರಿನ ಇಸ್ಲಾಮಿ ಶೃಂಗಸಭೆಯ ಹೊತ್ತಿಗೆ ಪಾಕಿಸ್ತಾನ ಮಾನ್ಯತೆ ಕೊಟ್ಟಿತು. ಸೆಪ್ಟೆಂಬರ್ 17ರಂದು ಬಾಂಗ್ಲಾದೇಶ ಸದಸ್ಯನಾಯಿತು. ಅಷ್ಟರಲ್ಲಿ ಗಡಿಯಾಚೆಯ ಅಸ್ಸಾಮಿನಲ್ಲಿ 1971ರ ಮಾರ್ಚ್ 24 ಎಂಬುದು ಇನ್ನೊಂದು ಜುಲೈ 19 ಆಗುವುದರಲ್ಲಿತ್ತು. 1985ರ ಅಸ್ಸಾಂ ಒಪ್ಪಂದದ ಮೂಲಕ ಆ ದಿನಾಂಕ ಪೌರತ್ವ ಕಾಯ್ದೆಯೊಳಗೆ ಬಂತು. 2019ರ ಆಗಸ್ಟ್ 31ರಂದು ಪ್ರಕಟವಾದ ಅಲ್ಲಿನ ಪೌರತ್ವ ನೋಂದಣಿಯಿಂದ 19 ಲಕ್ಷಕ್ಕೂ ಹೆಚ್ಚು ಹೆಸರುಗಳು ಹೊರಗುಳಿದವು. ಅದೇ ಡಿಸೆಂಬರಿನಲ್ಲಿ ಸಂಸತ್ತು ಮಾಡಿದ ತಿದ್ದುಪಡಿಯಲ್ಲಿ 2014ರ ಡಿಸೆಂಬರ್ 31 ಎಂಬ ಮತ್ತೊಂದು ದಿನಾಂಕ ಸೇರಿತು, ಜೊತೆಗೆ ಆರು ಧರ್ಮಗಳ ಹೆಸರುಗಳೂ ಸೇರಿದವು. ದೇಶಮುಖರ ತಿದ್ದುಪಡಿ ಬಿದ್ದು ಆಗ ಎಪ್ಪತ್ತು ವರ್ಷವಾಗಿತ್ತು.

ಕೊನೆಯದಾಗಿ ಛಿಟ್‌ಮಹಲ್‌ಗಳ ವಿಷಯ. ಕೂಚ್‌ಬಿಹಾರದ ಅರಸರಿಗೂ ರಂಗ್‌ಪುರದ ಕಡೆಯ ಜಮೀನುಗಳಿಗೂ ಹಿಂದೆಂದೋ ಬಿದ್ದ ಸಿಕ್ಕಿನಿಂದಾಗಿ ಬಾಂಗ್ಲಾದೇಶದ ಒಡಲೊಳಗೆ ಭಾರತದ 111 ತುಂಡುಗಳೂ ಭಾರತದೊಳಗೆ ಅದರ 51 ತುಂಡುಗಳೂ ಉಳಿದಿದ್ದವು. ದಹಲಾ ಖಾಗ್ರಾಬಾರಿ ಎಂಬ ಜಾಗವಂತೂ ಬಾಂಗ್ಲಾದೇಶದೊಳಗಿನ ಭಾರತದೊಳಗಿನ ಬಾಂಗ್ಲಾದೇಶದೊಳಗಿನ ಭಾರತ. ಸುಮಾರು 50 ಸಾವಿರ ಜನ ಈ ತುಂಡುಗಳಲ್ಲಿದ್ದರು. ಹೆಸರಿಗೆ ಒಂದು ದೇಶದ ಪೌರರು. ಆದರೆ ಆ ದೇಶದ ಶಾಲೆಗೆ, ಆಸ್ಪತ್ರೆಗೆ, ಮತಗಟ್ಟೆಗೆ ಹೋಗಬೇಕಾದರೆ ಮೊದಲು ಇನ್ನೊಂದು ದೇಶವನ್ನು ಕದ್ದು ದಾಟಬೇಕು. ಇಂದಿರಾ ಗಾಂಧಿ ಮತ್ತು ಮುಜೀಬುರ್ರಹಮಾನ್ 1974ರ ಮೇ 16ರಂದು ಇದನ್ನು ಬಗೆಹರಿಸುವ ಒಪ್ಪಂದಕ್ಕೆ ಸಹಿ ಹಾಕಿದ್ದರು. ನಮ್ಮ ಸಂಸತ್ತು ಅದಕ್ಕೆ ಬೇಕಾದ ಸಂವಿಧಾನದ 100ನೇ ತಿದ್ದುಪಡಿ ಮಾಡಿದ್ದು 2015ರಲ್ಲಿ. ಜುಲೈ 31ರ ಮಧ್ಯರಾತ್ರಿ ತುಂಡುಗಳು ಅದಲು ಬದಲಾದವು. ಯಾರಿಗೆ ಯಾವ ದೇಶ ಬೇಕು ಎಂದು ಈ ಸಲ ಒಬ್ಬೊಬ್ಬರನ್ನೂ ಕೇಳಲಾಯಿತು. ಬಾಂಗ್ಲಾದೇಶದೊಳಗಿನ ತುಂಡುಗಳಿಂದ ಭಾರತಕ್ಕೆ ಬರುತ್ತೇವೆ ಎಂದವರು ಸಾವಿರದೊಳಗೆ. ಉಳಿದವರು ತಮ್ಮ ಗದ್ದೆ ಇರುವಲ್ಲಿಯೇ ಉಳಿದರು. ಇತ್ತ ಭಾರತದೊಳಗಿನ 51 ತುಂಡುಗಳ ಜನರು 2016ರಲ್ಲಿ ಪಶ್ಚಿಮ ಬಂಗಾಳದ ಚುನಾವಣೆಯಲ್ಲಿ ಮೊದಲ ಬಾರಿಗೆ ಮತ ಹಾಕಿದರು.

ಅವರಲ್ಲಿ ಓದು ಬರಹ ಬಲ್ಲ ಯುವಕರಿಗೆ ಒಂದು ತೊಡಕು ಎದುರಾಯಿತು. ಭಾರತದ ಶಾಲೆಗೆ ಸೇರಬೇಕಾದರೆ ತಂದೆ ಭಾರತೀಯನಾಗಿರಬೇಕಿತ್ತು. ಆದ್ದರಿಂದ ಪಕ್ಕದ ಭಾರತೀಯ ಹಳ್ಳಿಯ ಪರಿಚಯದವರನ್ನು ಕಾಡಿ ಬೇಡಿ ಅವರ ಹೆಸರನ್ನೇ ತಂದೆಯ ಹೆಸರೆಂದು ಬರೆಸಿ ಮಕ್ಕಳನ್ನು ಓದಿಸಿದ್ದರು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಆ ಹೆಸರೇ ಅಚ್ಚಾಗಿತ್ತು. ಈಗ ಪೌರತ್ವ ಬಂತು, ಮತದಾರರ ಪಟ್ಟಿಯಲ್ಲಿ ಹೆತ್ತ ತಂದೆಯ ಹೆಸರೂ ಬಂತು. ಕೆಲಸಕ್ಕೆ ಅರ್ಜಿ ಹಾಕಲು ಹೋದರೆ ಅಂಕಪಟ್ಟಿಯ ತಂದೆ ಬೇರೆ, ಗುರುತಿನ ಚೀಟಿಯ ತಂದೆ ಬೇರೆ.